ಜ್ವರಕ್ಕೆ ನೋವಿನ ಗುಳಿಗೆ

ಮನುಷ್ಯನನ್ನು ಕಾಡುವ ಬೇನೆಗಳಲ್ಲಿ ಜ್ವರದಷ್ಟು ಪರಿಚಿತವಾದುದು ಬೇರೊಂದಿಲ್ಲ. ಬಡವ ಬಲ್ಲಿದರೆಂಬ ಭೇದವೆಣಿಸದೆ ಅದು ಎಲ್ಲರ ಮನೆಗೂ ಬರುತ್ತದೆ. ಕರೆಯದೆ ಬರುತ್ತದೆ, ಹೇಳದೆ ಹೋಗುತ್ತದೆ. ಇಷ್ಟು ಪರಿಚಯವಿದ್ದರೂ ಜ್ವರವೆಂದರೇನು, ಅದನ್ನು ಇಳಿಸುವ ಗುಳಿಗೆಯು ಮೈಯೊಳಗೆ ಹೋಗಿ ಮಾಡುವುದೇನು ಎಂದು ಕೇಳಿದರೆ ನಮ್ಮಲ್ಲಿ ಅನೇಕರು ಉತ್ತರ ಹೇಳಲಾರೆವು. ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ, ಇತಿಹಾಸವನ್ನು ಓದುತ್ತಿರುವವನು. ಆದರೆ ರಾಜರಿಗೂ ರಾಜ್ಯಗಳಿಗೂ ಇರುವಂತೆ ಒಂದು ಗುಳಿಗೆಗೂ ಇತಿಹಾಸವಿರುತ್ತದೆ. ಆ ಇತಿಹಾಸವನ್ನು ಓದಿ ತಿಳಿದುಕೊಂಡಷ್ಟನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದರೆ ಸುಮಾರು ಒಂದು ಗಂಟೆಯ ಬಸ್ಸಿನ ಪ್ರಯಾಣದಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ಅದೇ ನನ್ನೂರು. ಮಳೆಗಾಲ ಕಳೆದು ಸೊಳ್ಳೆ ಹೆಚ್ಚಿದ ದಿನಗಳಲ್ಲಿ ಅಲ್ಲಿಯ ಔಷಧದ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದೇ ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: "ಜ್ವರ ಬಂದಾವ್ರಿ, ಮೈ-ಕೈನೂ ಭಾಳ ನೋಯ್ತಾವ. ಎರಡಕ್ಕೂ ಕೂಡಿ ಒಂದ ಗುಳಗಿ ಕೊಡ್ರಿ." ಕಲಬುರಗಿಯ ಅಂಗಡಿಗಳಲ್ಲಿಯೂ ಕೇಳಿಬರುವುದು ಇದೇ ಮಾತು. ಕೇಳುವವರ ತರ್ಕ ಸರಳವಾದುದು. ನೋವನ್ನೂ ಊತವನ್ನೂ ಇಳಿಸುವ ಔಷಧವು ಜ್ವರವನ್ನೂ ಇಳಿಸುವುದಾದರೆ ಎರಡು ಗುಳಿಗೆಗೆ ಹಣ ಕೊಡುವುದೇಕೆ? ಹಾಗೆ ಎರಡನ್ನೂ ಇಳಿಸುವ ಔಷಧಗಳು ಇರುವುದಂತೂ ನಿಜ. ಅವುಗಳನ್ನು ಜ್ವರಕ್ಕೆ ಬಳಸುವುದು ಸರಿಯೆ? ಸರಿಯಾದರೆ ಯಾವ ಜ್ವರಕ್ಕೆ, ಯಾರಿಗೆ? ಈ ಪ್ರಶ್ನೆಗಳನ್ನು ಹಿಡಿದು ನೂರಾರು ವರ್ಷಗಳಿಂದ ಸಂಶೋಧನೆ ನಡೆದು ಬಂದಿದೆ.

ಮೊದಲು ಜ್ವರವೆಂದರೇನೆಂದು ನೋಡೋಣ. ನಮ್ಮ ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಎಂಬ ಸಣ್ಣದೊಂದು ಭಾಗವಿದೆ. ಮೈಯ ಉಷ್ಣತೆ ಎಷ್ಟಿರಬೇಕೆಂದು ಗೊತ್ತುಪಡಿಸುವುದು ಅದರ ಕೆಲಸ. ಆರೋಗ್ಯದಲ್ಲಿ ಈ ಮಟ್ಟವು ಸುಮಾರು 37 ಡಿಗ್ರಿ ಸೆಲ್ಸಿಯಸ್, ಎಂದರೆ ನಮ್ಮ ಉಷ್ಣಮಾಪಕದ 98.6 ಡಿಗ್ರಿ ಫ್ಯಾರನ್‌ಹೀಟ್. ಮೈಯೊಳಗೆ ರೋಗಾಣುಗಳು ಹೊಕ್ಕಾಗ ರಕ್ತದ ಬಿಳಿಯ ಕಣಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳು ಆ ಮಟ್ಟವನ್ನು 39 ಡಿಗ್ರಿಗೋ 40 ಡಿಗ್ರಿಗೋ ಏರಿಸುತ್ತದೆ. ಆಗ 37 ಡಿಗ್ರಿಯಲ್ಲಿರುವ ಮೈ ಮಿದುಳಿನ ಪಾಲಿಗೆ ತಣ್ಣಗಾಗಿರುವ ಮೈ. ಅದನ್ನು ಕಾಯಿಸಲೆಂದೇ ಚಳಿ ನಡುಕ ಹುಟ್ಟುತ್ತದೆ, ಚರ್ಮದ ರಕ್ತನಾಳಗಳು ಮುದುಡುತ್ತವೆ, ರೋಗಿಯು ಬೇಸಗೆಯಲ್ಲಿಯೂ ಕೌದಿ ಹೊದೆಯುತ್ತಾನೆ. ಜ್ವರ ಬಿಡುವಾಗ ಮಟ್ಟವು ಕೆಳಗಿಳಿಯುತ್ತದೆ. ಹೆಚ್ಚಾದ ಕಾವನ್ನು ಹೊರಹಾಕಲು ಬೆವರು ಸುರಿಯುತ್ತದೆ. ಹೀಗೆ ಜ್ವರವೆಂಬುದು ಮೈ ಹದಗೆಟ್ಟುದರ ಫಲವಲ್ಲ, ಮೈ ತಾನೇ ಮಾಡಿಕೊಂಡ ಏರ್ಪಾಡು.

ಇನ್ನು ಗುಳಿಗೆಯ ಕಥೆಗೆ ಬರೋಣ. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬನು ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪತ್ರ ಬರೆದನು. ವಿಲೋ ಮರದ ತೊಗಟೆಯನ್ನು ಒಣಗಿಸಿ, ಕುಟ್ಟಿ ಪುಡಿಮಾಡಿ, ಚಳಿಜ್ವರದ ಸುಮಾರು 50 ಜನರಿಗೆ ಕೊಟ್ಟು ಗುಣ ಕಂಡೆನೆಂದು ಅದರಲ್ಲಿ ವರದಿ ಮಾಡಿದ್ದನು. ಮುಂದೆ ರಸಾಯನಶಾಸ್ತ್ರಜ್ಞರು ಆ ತೊಗಟೆಯಿಂದ ಸಾಲಿಸಿನ್ ಎಂಬ ಕಹಿ ಪದಾರ್ಥವನ್ನು ಬೇರ್ಪಡಿಸಿದರು. 1876ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ವೈದ್ಯ ಥಾಮಸ್ ಮ್ಯಾಕ್‌ಲಗನ್ ಅದನ್ನು ಮೊದಲು ತಾನೇ ನುಂಗಿ ನೋಡಿ, ಬಳಿಕ ಸಂಧಿವಾತಜ್ವರದ ರೋಗಿಗಳಿಗೆ ಕೊಟ್ಟನು. ಕೀಲುಗಳ ಊತವೂ ನೋವೂ ಇಳಿದುವು, ಜ್ವರವೂ ಇಳಿಯಿತು. ನೋವಿಗೂ ಊತಕ್ಕೂ ಜ್ವರಕ್ಕೂ ಒಂದೇ ಔಷಧವೆಂಬುದು ಹೀಗೆ ಪ್ರಸಿದ್ಧಿಗೆ ಬಂದಿತು. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಇದೇ ಕುಲದ ಶುದ್ಧವಾದ ಔಷಧವನ್ನು ತಯಾರಿಸಿದನು. 1899ರಲ್ಲಿ ಅದು ಆಸ್ಪಿರಿನ್ ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧವಾಯಿತು.

ವಿಚಿತ್ರವೆಂದರೆ ಆಸ್ಪಿರಿನ್ ಏಕೆ ಕೆಲಸ ಮಾಡುತ್ತದೆಂಬುದು ಅನಂತರ 70 ವರ್ಷಗಳವರೆಗೂ ಯಾರಿಗೂ ತಿಳಿದಿರಲಿಲ್ಲ. 1970ರಲ್ಲಿ ಮಿಲ್ಟನ್ ಮತ್ತು ವೆಂಡ್‌ಲೆಂಟ್ ಎಂಬಿಬ್ಬರು ಬ್ರಿಟಿಷ್ ವಿಜ್ಞಾನಿಗಳು ಪ್ರಾಸ್ಟಗ್ಲಾಂಡಿನ್ ಎಂಬ ಪದಾರ್ಥವನ್ನು ಬೆಕ್ಕುಗಳ ಮಿದುಳಿಗೆ ಸೇರಿಸಿದಾಗ ಅವುಗಳಿಗೆ ಜ್ವರ ಏರಿತು. ಮರುವರ್ಷ, 1971ರಲ್ಲಿ, ಲಂಡನ್ನಿನ ಜಾನ್ ವೇನ್ ಇನ್ನೊಂದು ತುದಿಯಿಂದ ಗಂಟನ್ನು ಬಿಡಿಸಿದನು. ಆಸ್ಪಿರಿನ್ನೂ ಅದರ ಜಾತಿಯ ಔಷಧಗಳೂ ಮೈಯಲ್ಲಿ ಪ್ರಾಸ್ಟಗ್ಲಾಂಡಿನ್ ತಯಾರಾಗದಂತೆ ತಡೆಯುತ್ತವೆಂದು ತೋರಿಸಿಕೊಟ್ಟನು. ಎರಡನ್ನೂ ಕೂಡಿಸಿ ನೋಡಿದರೆ ಎಲ್ಲವೂ ಸ್ಪಷ್ಟ. ರೋಗಾಣುಗಳ ಸುದ್ದಿಯು ಮಿದುಳಿಗೆ ಮುಟ್ಟುವುದು ಪ್ರಾಸ್ಟಗ್ಲಾಂಡಿನ್ನಿನ ಮೂಲಕ. ಅದರ ತಯಾರಿಕೆ ನಿಂತರೆ ಏರಿದ ಮಟ್ಟ ತಾನಾಗಿ ಇಳಿಯುತ್ತದೆ. ಈ ಶೋಧನೆಗಾಗಿ ವೇನ್ ಅವರಿಗೆ ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಸ್ಯಾಮ್ಯುಯೆಲ್‌ಸನ್ ಅವರೊಡನೆ 1982ರ ನೊಬೆಲ್ ಪಾರಿತೋಷಕ ದೊರೆಯಿತು.

ಇಲ್ಲಿಯೇ ತೊಡಕೂ ಇದೆ. ಪ್ರಾಸ್ಟಗ್ಲಾಂಡಿನ್ ಮತ್ತು ಅದರ ಬಂಧುಗಳಾದ ಪದಾರ್ಥಗಳು ಮೈಯಲ್ಲಿ ಮಾಡುವ ಕೆಲಸ ಜ್ವರವೊಂದೇ ಅಲ್ಲ. ಜಠರದಲ್ಲಿರುವ ಆಮ್ಲವು ಜಠರದ ಗೋಡೆಯನ್ನೇ ತಿಂದುಹಾಕದಂತೆ ಕಾಯುವುದು ಅವುಗಳ ಕೆಲಸ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಅಗಲವಾಗಿ ತೆರೆದಿಡುವುದು ಅವುಗಳ ಕೆಲಸ. ಗಾಯವಾದಲ್ಲಿ ರಕ್ತದ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿ ರಕ್ತ ನಿಲ್ಲುವಂತೆ ಮಾಡುವುದೂ ಅವುಗಳದೇ ಕೆಲಸ. ಕೆರೆಯ ತೂಬನ್ನು ಮುಚ್ಚಿದರೆ ಒಂದು ಹೊಲದಲ್ಲಿ ನಿಂತ ಹೆಚ್ಚಿನ ನೀರೇನೋ ಇಳಿಯುತ್ತದೆ. ಆದರೆ ಅದೇ ಕಾಲುವೆಯನ್ನು ನಂಬಿದ ಉಳಿದ ಹೊಲಗಳೂ ಒಣಗುತ್ತವೆ. ಉರಿಯೂತ ಇಳಿಸುವ ನೋವಿನ ಔಷಧಗಳು ಮಾಡುವುದು ಇದನ್ನೇ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಮೆಫೆನಮಿಕ್ ಆಮ್ಲ, ನಿಮೆಸುಲೈಡ್ ಇವೆಲ್ಲ ಈ ಗುಂಪಿನವು. ಪ್ಯಾರಾಸಿಟಮಾಲ್ ಮಾತ್ರ ಬೇರೆ. ಅದು ಮುಖ್ಯವಾಗಿ ಮಿದುಳಿನಲ್ಲಿ ಕೆಲಸ ಮಾಡಿ ಜ್ವರ ಇಳಿಸುತ್ತದೆ. ಜಠರ, ಮೂತ್ರಪಿಂಡ, ಪ್ಲೇಟ್‌ಲೆಟ್‌ಗಳ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ. ಊತವನ್ನೂ ಹೆಚ್ಚಾಗಿ ಇಳಿಸುವುದಿಲ್ಲ. ಕರ್ನಾಟಕದಲ್ಲಿ ಮನೆಮಾತಾಗಿರುವ ಡೋಲೋ 650 ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ತಯಾರಿಸುವ ಪ್ಯಾರಾಸಿಟಮಾಲ್. ಅಂಗಡಿಯಲ್ಲಿ ಎಲ್ಲಕ್ಕೂ 'ಜ್ವರದ ಗುಳಗಿ' ಎಂಬ ಒಂದೇ ಹೆಸರಿರುವುದರಿಂದ ಈ ಭೇದ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಮನುಷ್ಯರ ಮೇಲೆ ನಡೆದ ಪರೀಕ್ಷೆಗಳನ್ನು ನೋಡೋಣ. ಸಂಶೋಧಕರು ಕೇಳಿದ ಮೊದಲನೆಯ ಪ್ರಶ್ನೆ: ನೋವಿನ ಔಷಧವು ಜ್ವರವನ್ನು ಇಳಿಸುತ್ತದೆಯೆ, ಅದರಿಂದ ಕೇಡಿಲ್ಲವೆ? ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಸ್ಟುವರ್ಟ್ ಆಡಮ್ಸ್ ಮತ್ತು ಸಂಗಡಿಗರು ಕಂಡುಹಿಡಿದ ಐಬುಪ್ರೊಫೆನ್ 1969ರಲ್ಲಿ ಆ ದೇಶದಲ್ಲಿ ವೈದ್ಯರ ಚೀಟಿಯ ಮೇಲೆ ದೊರೆಯತೊಡಗಿತು. ಅದನ್ನು ಮಕ್ಕಳ ಜ್ವರಕ್ಕೆ ಕೊಡಬಹುದೆ ಎಂದು ತಿಳಿಯಲು ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದವರು 84,192 ಮಕ್ಕಳ ಮೇಲೆ ಪರೀಕ್ಷೆ ನಡೆಸಿ 1995ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಯಾವ ಮಗುವಿಗೆ ಐಬುಪ್ರೊಫೆನ್, ಯಾವ ಮಗುವಿಗೆ ಪ್ಯಾರಾಸಿಟಮಾಲ್ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಜಠರದಲ್ಲಿ ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದ ಮಕ್ಕಳು ನಾಲ್ವರು ಮಾತ್ರ. ನಾಲ್ವರೂ ಐಬುಪ್ರೊಫೆನ್ ತೆಗೆದುಕೊಂಡವರೇ ಆಗಿದ್ದರು. ಆದರೆ ಅಷ್ಟು ದೊಡ್ಡ ಸಮೂಹದಲ್ಲಿ ಈ ಅಂತರವು ಆಕಸ್ಮಿಕವಾಗಿಯೂ ಬಂದಿರಬಹುದೆಂದು ಗಣಿತ ಹೇಳಿತು. 2008ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 156 ಮಕ್ಕಳ ಮೇಲೆ ನಡೆದ ಪರೀಕ್ಷೆಯೊಂದರ ಫಲಿತಾಂಶ ಹೊರಬಂದಿತು. ಮೊದಲ ಕೆಲವು ಗಂಟೆಗಳಲ್ಲಿ ಐಬುಪ್ರೊಫೆನ್ ಪ್ಯಾರಾಸಿಟಮಾಲಿಗಿಂತ ಬೇಗ ಜ್ವರ ಇಳಿಸಿತು. ಎರಡನ್ನೂ ಕೊಟ್ಟ ಮಕ್ಕಳಿಗೆ ಒಂದು ದಿನದಲ್ಲಿ, ಬರಿಯ ಪ್ಯಾರಾಸಿಟಮಾಲ್ ಕೊಟ್ಟವರಿಗಿಂತ ಜ್ವರದ ಅವಧಿ 4.4 ಗಂಟೆ ಕಡಿಮೆಯಾಯಿತು. ಆದುದರಿಂದ ನೋವಿನ ಔಷಧವು ಜ್ವರ ಇಳಿಸುತ್ತದೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಅಂಗಡಿಯಲ್ಲಿ ಕೇಳುವ ನಮ್ಮ ಜನರ ತರ್ಕ ಇಷ್ಟರಮಟ್ಟಿಗೆ ಸರಿಯಾದುದೇ.

ಎರಡನೆಯ ಪ್ರಶ್ನೆ ಇನ್ನೂ ಆಳವಾದುದು: ಜ್ವರ ಇಳಿದರೆ ರೋಗ ವಾಸಿಯಾದಂತೆಯೆ? 1997ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇದಕ್ಕೆ ನೇರವಾದ ಉತ್ತರ ಕೊಟ್ಟಿತು. ರಕ್ತಕ್ಕೆ ನಂಜೇರಿ ಸಾವು ಬದುಕಿನ ನಡುವೆ ಇದ್ದ 455 ರೋಗಿಗಳಲ್ಲಿ ಕೆಲವರಿಗೆ ಐಬುಪ್ರೊಫೆನ್, ಉಳಿದವರಿಗೆ ಔಷಧವಿಲ್ಲದ ಹುಸಿಮದ್ದು ಕೊಡಲಾಯಿತು. ಐಬುಪ್ರೊಫೆನ್ ಪಡೆದವರ ಜ್ವರ ಇಳಿಯಿತು, ನಾಡಿಯ ವೇಗ ತಗ್ಗಿತು; ಬದುಕಿದವರ ಸಂಖ್ಯೆ ಮಾತ್ರ ಹೆಚ್ಚಲಿಲ್ಲ. ಇದಕ್ಕಿಂತ ಮುಂಚೆಯೇ, 1975ರಲ್ಲಿ, ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಹಲ್ಲಿಜಾತಿಯ ಪ್ರಾಣಿಗಳಿಗೆ ರೋಗಾಣುಗಳನ್ನು ಚುಚ್ಚಿ ಬೇರೆ ಬೇರೆ ಕಾವಿನಲ್ಲಿ ಇರಿಸಿ ನೋಡಿದ್ದರು. ಇವು ಮೈಯ ಕಾವಿಗೆ ಸುತ್ತಲ ಕಾವನ್ನೇ ನಂಬಿದ ಪ್ರಾಣಿಗಳು. ಜ್ವರ ಬೇಕಾದಾಗ ಬಿಸಿಯಾದ ಜಾಗ ಹುಡುಕಿ ಹೋಗುತ್ತವೆ. ಬೆಚ್ಚಗಿನ ಜಾಗದಲ್ಲಿದ್ದವು ಹೆಚ್ಚಾಗಿ ಬದುಕಿದುವು, ತಣ್ಣಗಿನ ಜಾಗದಲ್ಲಿದ್ದವು ಹೆಚ್ಚಾಗಿ ಸತ್ತವು. ಹಲ್ಲಿಗೆ ನಿಜವಾದುದೆಲ್ಲ ಮನುಷ್ಯನಿಗೂ ನಿಜವೆಂದು ಹೇಳಲಾಗದು. ಆದರೂ ಜ್ವರವು ಬರಿಯ ಶತ್ರುವಲ್ಲವೆಂಬ ಎಚ್ಚರವನ್ನು ಈ ಪ್ರಯೋಗ ಕೊಟ್ಟಿತು. ಇಂದು ವೈದ್ಯರು ಉಷ್ಣಮಾಪಕದ ಅಂಕಿಯನ್ನು ಇಳಿಸುವುದಕ್ಕಾಗಿ ಗುಳಿಗೆ ಕೊಡುವುದಕ್ಕಿಂತ ರೋಗಿಯ ಸಂಕಟವನ್ನು ಕಡಿಮೆ ಮಾಡುವುದಕ್ಕಾಗಿ ಕೊಡುತ್ತಾರೆ. ರೋಗವನ್ನು ಕಳೆಯುವ ಕೆಲಸ ಬೇರೆಯೇ ಔಷಧದ್ದು, ಅಥವಾ ಮೈಯ ಸ್ವಂತ ಬಲದ್ದು.

ಮೂರನೆಯ ಪ್ರಶ್ನೆ: ಬಂದಿರುವುದು ಯಾವ ಜ್ವರ? ಇದರ ಮಹತ್ವ ನನಗೆ ಅರಿವಾದುದು ಪುಸ್ತಕದಿಂದಲ್ಲ, ನಮ್ಮ ಮನೆಯಿಂದ. ತಂದೆಯ ತಾಯಿ, ನಮ್ಮ ಆಯಿ, ಮೊಣಕಾಲು ನೋವಿಗೆ ಡೈಕ್ಲೊಫೆನಾಕ್ ಗುಳಿಗೆ ತೆಗೆದುಕೊಳ್ಳುವವರು. ಮಳೆಗಾಲದ ಕೊನೆಯಲ್ಲಿ ನನ್ನ ತಮ್ಮನಿಗೆ ಜ್ವರ ಬಂದಿತು. ಮೈಯೆಲ್ಲ ನೋವು, ಕಣ್ಣಿನ ಹಿಂದೆ ನೋವು. ಆಯಿ ತಮ್ಮ ಗುಳಿಗೆಯ ಪಟ್ಟಿಯನ್ನೇ ಮುಂದಿಟ್ಟರು. "ನನಗ ಮೊಣಕಾಲ ನೋವು ಇಳಿಸ್ತಾದಂದ್ರ ಅವಗ ಮೈ-ಕೈ ನೋವು ಇಳಿಸಂಗಿಲ್ಲೇನು? ಹೋದ ಸಲ ನನಗ ಬಂದ ಜ್ವರನೂ ಇದರಾಗೇ ಬಿಟ್ಟಾವ." ಇಷ್ಟು ಹೇಳಿದ ಆಯಿಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಮ್ಯಾಕ್‌ಲಗನ್ 1876ರಲ್ಲಿ ಕಂಡುದನ್ನೇ ಅವರು ತಮ್ಮ ಮೈಮೇಲೆ ಕಂಡಿದ್ದರು. ಆದರೆ ಅಪ್ಪ ತಡಮಾಡದೆ ಬೆಳಗಿನ ಬಸ್ಸಿಗೆ ತಮ್ಮನನ್ನು ಕಲಬುರಗಿಗೆ ಕರೆತಂದರು. ಆ ಗುಳಿಗೆ ಅವನ ಬಾಯಿಗೆ ಹೋಗಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ನಾಡಿ ಹಿಡಿಯುವ ಮೊದಲೇ ಕೇಳಿದ್ದು, "ಮನ್ಯಾಗ ಯಾವ ಗುಳಗಿ ಕೊಟ್ಟೀರಿ?" ಎಂದು. ರಕ್ತಪರೀಕ್ಷೆಯಾದ ಮೇಲೆ ಡೆಂಗೀ ಎಂದು ತಿಳಿಯಿತು. ಐದನೆಯ ದಿನ ಜ್ವರ ಬಿಟ್ಟಿತು. ಅವ್ವ ಹರಕೆ ತೀರಿಸುವ ಮಾತಾಡಿದಳು, ನಾವೆಲ್ಲ ಗಂಟುಮೂಟೆ ಕಟ್ಟಿದೆವು. ವೈದ್ಯರು ಮಾತ್ರ ಬಿಡಲಿಲ್ಲ. "ಜ್ವರ ಇಳದಾವ ಅಂತನ ಇನ್ನೆರಡು ದಿನ ಇಲ್ಲೇ ಇರಬೇಕು" ಎಂದರು. ಆ ಮಾತು ಅಂದು ನಮಗೆ ಒಗಟಿನಂತೆ ಕಂಡಿತು.

ಒಗಟಿನ ಉತ್ತರ ಹೀಗಿದೆ. ಡೆಂಗೀಯಲ್ಲಿ ಅಪಾಯದ ಕಾಲ ಜ್ವರ ಏರಿರುವ ಕಾಲವಲ್ಲ, ಇಳಿಯುವ ಕಾಲ. ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಜ್ವರ ಬಿಡುವ ಹೊತ್ತಿನಲ್ಲಿಯೇ ಕೆಲವರಿಗೆ ರಕ್ತದ ನೀರಿನಂಶ ನಾಳಗಳಿಂದ ಸೋರಿ ರಕ್ತದೊತ್ತಡ ಕುಸಿಯುತ್ತದೆ, ಪ್ಲೇಟ್‌ಲೆಟ್‌ಗಳೂ ಕಡಿಮೆಯಾಗಿರುತ್ತವೆ. ಈಗ ನೋವಿನ ಗುಳಿಗೆಯ ಕೆಲಸವನ್ನು ನೆನಪಿಗೆ ತಂದುಕೊಳ್ಳಿರಿ. ಇರುವ ಅಲ್ಪಸ್ವಲ್ಪ ಪ್ಲೇಟ್‌ಲೆಟ್‌ಗಳೂ ಅಂಟಿಕೊಳ್ಳದಂತೆ ಅದು ಮಾಡುತ್ತದೆ. ಜಠರದ ಗೋಡೆಯ ಕಾವಲನ್ನು ತೆಗೆದುಹಾಕುತ್ತದೆ. ನೀರು ಕಡಿಮೆಯಾದ ಮೂತ್ರಪಿಂಡಕ್ಕೆ ರಕ್ತದ ಹಾದಿಯನ್ನು ಕಿರಿದುಮಾಡುತ್ತದೆ. ಆಸ್ಪಿರಿನ್ನಿನ ಪರಿಣಾಮವಂತೂ ಒಂದು ಪ್ಲೇಟ್‌ಲೆಟ್ಟಿನ ಆಯುಷ್ಯವಿರುವವರೆಗೆ, ಎಂದರೆ ಸುಮಾರು 7ರಿಂದ 10 ದಿನಗಳವರೆಗೆ, ಅಳಿಯುವುದಿಲ್ಲ. ಇವೆಲ್ಲಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಗುಳಿಗೆಯಿಂದ ಜ್ವರ ಇಳಿದುದನ್ನು ಕಂಡು ಮನೆಯವರು ನೆಮ್ಮದಿಯಿಂದ ಮಲಗುತ್ತಾರೆ. ಆದುದರಿಂದಲೇ ಡೆಂಗೀ ಎಂಬ ಸಂಶಯವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಮುಂತಾದುವನ್ನು ಕೊಡಬಾರದು, ಪ್ಯಾರಾಸಿಟಮಾಲನ್ನೇ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ದೇಶದ ಮಾರ್ಗಸೂಚಿಯೂ ಹೇಳುತ್ತವೆ.

ಇಲ್ಲಿ ಸಂಶೋಧನೆಯನ್ನು ಓದುವ ರೀತಿಯ ಬಗೆಗೂ ಒಂದು ಪಾಠವಿದೆ. ಬ್ರಿಸ್ಟಲ್ಲಿನ ಪರೀಕ್ಷೆ ಸುಳ್ಳಲ್ಲ. ಆದರೆ ಆ ಊರಿನ ಮಗುವಿಗೆ ಬರುವುದು ಬಹುಮಟ್ಟಿಗೆ ನೆಗಡಿಯ, ಕಿವಿನೋವಿನ, ಗಂಟಲುಬೇನೆಯ ಜ್ವರ. ಅಲ್ಲಿ ಡೆಂಗೀ ಹರಡುವ ಸೊಳ್ಳೆಯ ಕಾಟವಿಲ್ಲ. ಕಮಲಾಪುರದಲ್ಲಿ ಅಕ್ಟೋಬರ್ ತಿಂಗಳಿನಲ್ಲಿ ಮೈ ಸುಡುವ ಮಗುವಿಗೆ ಬಂದಿರುವುದು ಯಾವ ಜ್ವರವೆಂದು ಮೊದಲ ದಿನ ಯಾರೂ ಹೇಳಲಾರರು. ಒಂದೇ ಗುಳಿಗೆ, ಒಂದೇ ವಯಸ್ಸು, ಒಂದೇ ಅಂಕಿ. ಊರು ಬದಲಾದರೆ ಉತ್ತರ ಬದಲಾಗುತ್ತದೆ.

ನಮ್ಮ ಕಲಬುರಗಿಯ ಬಿಸಿಲಿನ ಬಗೆಗೂ ಒಂದು ಮಾತು ಹೇಳಬೇಕು. ಮೇ ತಿಂಗಳಿನಲ್ಲಿ ಇಲ್ಲಿಯ ಕಾವು 42 ಡಿಗ್ರಿ ದಾಟುವುದು ಹೊಸದಲ್ಲ. ಬಿಸಿಲಿನಲ್ಲಿ ದುಡಿದವರ ಮೈ ಕೆಲವೊಮ್ಮೆ 40 ಡಿಗ್ರಿಗಿಂತ ಮೇಲಕ್ಕೆ ಏರಿ, ಮಾತು ತೊದಲಿ, ಎಚ್ಚರ ತಪ್ಪುವುದುಂಟು. ಮುಟ್ಟಿ ನೋಡಿದವರು ಜ್ವರವೆಂದೇ ತಿಳಿಯುತ್ತಾರೆ. ಆದರೆ ಅದು ಜ್ವರವಲ್ಲ. ಮಿದುಳು ಮಟ್ಟವನ್ನು ಏರಿಸಿಲ್ಲ. ಹೊರಗಿನ ಕಾವನ್ನು ಮೈ ತಾಳಲಾರದೆ ಸೋತಿದೆ. ಏರಿಸದ ಮಟ್ಟವನ್ನು ಇಳಿಸುವುದೆಂತು? ಆದುದರಿಂದ ಬಿಸಿಲಿನ ಹೊಡೆತಕ್ಕೆ ಪ್ಯಾರಾಸಿಟಮಾಲ್ ಆಗಲಿ ನೋವಿನ ಗುಳಿಗೆಯಾಗಲಿ ಉಪಯೋಗವಿಲ್ಲ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ ಕೂಡಲೆ ಆಸ್ಪತ್ರೆಗೆ ಒಯ್ಯುವುದೇ ಮದ್ದು. ಬೆವರಿ ಬೆವರಿ ನೀರು ಬತ್ತಿದ ಮೈಗೆ ನೋವಿನ ಗುಳಿಗೆ ಕೊಟ್ಟರೆ ಮೂತ್ರಪಿಂಡಕ್ಕೆ ಕೇಡಾಗುವುದೆಂಬುದನ್ನು ಮರೆಯಬಾರದು. ವಾಂತಿಭೇದಿಯೊಡನೆ ಜ್ವರ ಬಂದವರಿಗೂ ಈ ಎಚ್ಚರಿಕೆ ಸಲ್ಲುತ್ತದೆ.

ಮಕ್ಕಳ ವಿಷಯದಲ್ಲಿ ಲೋಕವು ಎರಡು ಸಲ ಕಷ್ಟಪಟ್ಟು ಕಲಿತಿದೆ. 1963ರಲ್ಲಿ ಆಸ್ಟ್ರೇಲಿಯದ ವೈದ್ಯ ಡಗ್ಲಸ್ ರೇ ಮಕ್ಕಳಲ್ಲಿ ಮಿದುಳು ಬಾತು ಯಕೃತ್ತು ಕೆಡುವ ಒಂದು ರೋಗವನ್ನು ವಿವರಿಸಿದನು. ಫ್ಲೂ, ಸೀತಾಳೆ ಸಿಡುಬಿನಂತಹ (ಚಿಕನ್‌ಪಾಕ್ಸ್) ಜ್ವರಗಳಲ್ಲಿ ಆಸ್ಪಿರಿನ್ ತೆಗೆದುಕೊಂಡ ಮಕ್ಕಳಲ್ಲಿ ಈ ರೋಗ ಹೆಚ್ಚೆಂದು 1980ರ ಸುಮಾರಿಗೆ ತಿಳಿದುಬಂದಿತು. 1982ರಲ್ಲಿ ಅಮೆರಿಕದಲ್ಲಿಯೂ 1986ರಲ್ಲಿ ಬ್ರಿಟನ್ನಿನಲ್ಲಿಯೂ ಎಚ್ಚರಿಕೆ ಹೊರಟಿತು. ಮಕ್ಕಳಿಗೆ ಆಸ್ಪಿರಿನ್ ಕೊಡುವುದು ನಿಂತಂತೆ ಆ ರೋಗವೂ ಬಹುಮಟ್ಟಿಗೆ ಮರೆಯಾಯಿತು. ಎರಡನೆಯದು ನಿಮೆಸುಲೈಡಿನ ಕಥೆ. 1985ರಲ್ಲಿ ಇಟಲಿಯಲ್ಲಿ ಮಾರಾಟಕ್ಕೆ ಬಂದ ಈ ಔಷಧ ಜ್ವರವನ್ನು ಬೇಗ ಇಳಿಸುತ್ತದೆಂದು ನಮ್ಮ ದೇಶದಲ್ಲಿ ಮಕ್ಕಳಿಗೂ ಧಾರಾಳವಾಗಿ ಬಳಕೆಯಾಯಿತು. ಯಕೃತ್ತಿಗೆ ಕೇಡಾಗುವುದೆಂಬ ಕಾರಣದಿಂದ 2002ರಲ್ಲಿ ಫಿನ್ಲೆಂಡ್ ಮತ್ತು ಸ್ಪೇನ್, 2007ರಲ್ಲಿ ಐರ್ಲೆಂಡ್ ಅದರ ಮಾರಾಟವನ್ನು ನಿಲ್ಲಿಸಿದುವು. ಭಾರತ ಸರ್ಕಾರವು 2011ರ ಫೆಬ್ರುವರಿಯಲ್ಲಿ 12 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಅದನ್ನು ನಿಷೇಧಿಸಿತು. ಬೇಗ ಇಳಿಸುವ ಔಷಧವೇ ಒಳ್ಳೆಯ ಔಷಧವೆಂಬ ನಂಬಿಕೆ ಎಷ್ಟು ದುಬಾರಿಯಾದುದೆಂಬುದಕ್ಕೆ ಇವೆರಡು ಸಾಕ್ಷಿ.

ಭಯವೂ ಸಂಶೋಧನೆಯ ಒರೆಗಲ್ಲನ್ನು ದಾಟಿಯೇ ಬರಬೇಕೆಂಬುದಕ್ಕೆ 2020ನೆಯ ಇಸವಿ ಸಾಕ್ಷಿ. ಆ ವರ್ಷ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಎರಡು ದಿನಗಳ ಮೇಲೆ ಅದು ಭಾರತದಲ್ಲಿ ಕೋವಿಡ್‌ನಿಂದಾದ ಮೊದಲ ಮರಣವೆಂದು ಖಚಿತವಾಯಿತು. ಊರಿಗೆ ಊರೇ ಬಾಗಿಲು ಮುಚ್ಚಿತು. ಅದೇ ವಾರ, ಮಾರ್ಚ್ 14ರಂದು, ಫ್ರಾನ್ಸಿನ ಆರೋಗ್ಯಮಂತ್ರಿ ಒಲಿವಿಯೇ ವೆರಾನ್ ಐಬುಪ್ರೊಫೆನ್ ಈ ಸೋಂಕನ್ನು ಉಲ್ಬಣಗೊಳಿಸಬಹುದು, ಜ್ವರಕ್ಕೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿರಿ ಎಂದು ಸಾರಿದರು. ಸುದ್ದಿ ಜಗತ್ತನ್ನೇ ಸುತ್ತಿತು. ಕೆಲವೇ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಐಬುಪ್ರೊಫೆನ್ ಬೇಡವೆನ್ನಲು ತಕ್ಕ ಆಧಾರವಿಲ್ಲವೆಂದು ತಿಳಿಸಿತು. ಮರುವರ್ಷ ಬ್ರಿಟನ್ನಿನ ಆಸ್ಪತ್ರೆಗಳನ್ನು ಸೇರಿದ 72,000ಕ್ಕೂ ಹೆಚ್ಚು ಕೋವಿಡ್ ರೋಗಿಗಳ ಲೆಕ್ಕ ಪ್ರಕಟವಾಯಿತು. ಆಸ್ಪತ್ರೆಗೆ ಬರುವ ಮೊದಲು ಈ ಗುಂಪಿನ ಔಷಧ ತೆಗೆದುಕೊಂಡವರಲ್ಲಿ ಸಾವು ಹೆಚ್ಚಾಗಿರಲಿಲ್ಲ. ಡೆಂಗೀಯಲ್ಲಿ ಬೇಡವಾದ ಔಷಧ ಕೋವಿಡ್‌ನಲ್ಲಿ ಅಂತಹ ಕೇಡನ್ನು ಮಾಡಲಿಲ್ಲ. ಒಂದು ಔಷಧವನ್ನು ಒಳ್ಳೆಯದೆಂದು ಹೊಗಳುವುದೂ ಕೆಟ್ಟದೆಂದು ತೆಗಳುವುದೂ ಸುಲಭ. ಯಾವ ರೋಗದಲ್ಲಿ, ಯಾರಿಗೆ ಎಂದು ಕೇಳುವುದೇ ಕಷ್ಟವಾದ ಕೆಲಸ.

ಇಷ್ಟನ್ನು ತಿಳಿದು ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ಗುಳಿಗೆಯ ಪಟ್ಟಿಯ ಮೇಲೆ ಕಂಪನಿಯ ದೊಡ್ಡ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧದ ನಿಜವಾದ ಹೆಸರು ಇರುತ್ತದೆ; ಅದನ್ನು ಓದಬೇಕು. ಅಲ್ಲಿ ಎರಡು ಹೆಸರುಗಳಿದ್ದರೆ ಎರಡನ್ನೂ ಓದಬೇಕು. ಪ್ಯಾರಾಸಿಟಮಾಲಿನೊಡನೆ ಐಬುಪ್ರೊಫೆನ್ನನ್ನೋ ಅಸಿಕ್ಲೊಫೆನಾಕನ್ನೋ ಬೆರೆಸಿದ ಗುಳಿಗೆಗಳು ನಮ್ಮಲ್ಲಿ ಸಾಮಾನ್ಯ. 'ಎರಡಕ್ಕೂ ಒಂದ ಗುಳಗಿ' ಎಂದು ಕೇಳಿದವರ ಕೈಗೆ ಬರುವುದು ಹೆಚ್ಚಾಗಿ ಇವೇ. ಎರಡನೆಯದಾಗಿ, ಪ್ಯಾರಾಸಿಟಮಾಲೂ ನಿರಪಾಯವಾದುದಲ್ಲ. ದೊಡ್ಡವರಿಗೆ ಸಹ ದಿನಕ್ಕೆ 4 ಗ್ರಾಮಿಗಿಂತ ಹೆಚ್ಚಾದರೆ ಯಕೃತ್ತಿಗೆ ಅಪಾಯ. ಮಕ್ಕಳಿಗೆ ತೂಕ ನೋಡಿಯೇ ಕೊಡಬೇಕು. ಮೂರನೆಯದಾಗಿ, ಮುದುಕರು, ಗರ್ಭಿಣಿಯರು, ಹೊಟ್ಟೆಹುಣ್ಣು ಅಥವಾ ಮೂತ್ರಪಿಂಡದ ಬೇನೆಯುಳ್ಳವರು ವೈದ್ಯರನ್ನು ಕೇಳದೆ ನೋವಿನ ಗುಳಿಗೆಯನ್ನು ಜ್ವರಕ್ಕೆ ನುಂಗಬಾರದು. ನಾಲ್ಕನೆಯದಾಗಿ, ಜ್ವರ ಮೂರು ದಿನ ಮೀರಿದರೆ, ಅಥವಾ ಅದಕ್ಕೂ ಮೊದಲೇ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು, ಮೂತ್ರ ಕಡಿಮೆಯಾಗುವುದು ಕಂಡರೆ, ಅಂಗಡಿಯ ದಾರಿ ಬಿಟ್ಟು ಆಸ್ಪತ್ರೆಯ ದಾರಿ ಹಿಡಿಯಬೇಕು. ಜ್ವರ ಇಳಿದ ಮೇಲೆ ಇಂತಹ ಚಿಹ್ನೆಗಳು ಕಂಡರಂತೂ ಒಂದು ಗಳಿಗೆಯೂ ತಡಮಾಡಬಾರದು.

ನಮ್ಮ ಕಾಲೇಜಿಗೆ ಸುತ್ತಮುತ್ತಲ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ಅನೇಕರಿದ್ದೇವೆ. ನಮ್ಮಲ್ಲಿ ಹಲವರ ಮನೆಗಳಲ್ಲಿ ಗುಳಿಗೆಯ ಪಟ್ಟಿಯ ಮೇಲಿನ ಇಂಗ್ಲಿಷ್ ಅಕ್ಷರವನ್ನು ಓದಬಲ್ಲವರು ನಾವಷ್ಟೇ. ಕಲಾ ವಿಭಾಗದವರಿಗೆ ಔಷಧದ ವಿಚಾರವೇಕೆ ಎಂದು ಯಾರಾದರೂ ಕೇಳಿದರೆ ಅವರಿಗೆ ನನ್ನ ಉತ್ತರ ಇಷ್ಟೇ. ಮನೆಯಲ್ಲಿ ಯಾರಿಗಾದರೂ ಮೈ ಕಾದ ರಾತ್ರಿ, ಕೈಗೆ ಸಿಕ್ಕ ಪಟ್ಟಿಯನ್ನು ದೀಪದ ಹತ್ತಿರ ಹಿಡಿದು ಅದರ ಹೆಸರನ್ನು ಗಟ್ಟಿಯಾಗಿ ಓದಿ ಹೇಳುವುದಕ್ಕೆ ಯಾವ ಪದವಿಯೂ ಬೇಕಿಲ್ಲ.